ಹೆಂಡ ಬೇರೆ, ಸಾರಾಯಿ ಬೇರೆ: ಮದ್ಯದ ಬಗೆಗಳನ್ನು ತಿಳಿಯುವ ದಾರಿ

ಕನ್ನಡದಲ್ಲಿ ‘ಹೆಂಡ ಸಾರಾಯಿ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಜೋಡಿಯಾಗಿ ಬಳಸಿ ಬಳಸಿ ಅವುಗಳ ನಡುವಿನ ಗೆರೆ ಅಳಿಸಿಹೋಗಿದೆ. ಈ ಜೋಡಿಯನ್ನು ಬಿಡಿಸಿ ನೋಡಿದರೆ ಜಗತ್ತಿನ ಮದ್ಯಗಳನ್ನೆಲ್ಲ ಅರ್ಥಮಾಡಿಕೊಳ್ಳುವ ಬೀಗದ ಕೈ ಅಲ್ಲೇ ಸಿಗುತ್ತದೆ. ಹೆಂಡ ಎಂದರೆ ಸಿಹಿ ರಸ ಹುದುಗಿ ಆದದ್ದು. ಸಾರಾಯಿ ಎಂದರೆ ಹಾಗೆ ಹುದುಗಿದ್ದನ್ನು ಕಾಯಿಸಿ, ಅದರ ಆವಿಯನ್ನು ತಣಿಸಿ, ಭಟ್ಟಿ ಇಳಿಸಿದ್ದು. ಬಿಯರ್, ವೈನ್, ಸೈಡರ್, ಸಾಕೆ, ಕಳ್ಳು ಮೊದಲನೆಯ ಮನೆತನದವು. ವಿಸ್ಕಿ, ಬ್ರಾಂದಿ, ರಮ್, ವೋಡ್ಕಾ, ಜಿನ್, ಟೆಕಿಲಾ ಎರಡನೆಯ ಮನೆತನದವು. ಬಾಟಲಿಯ ಮೇಲಿನ ಹೆಸರು, ಬಣ್ಣ, ದೇಶ ಎಲ್ಲವೂ ಇದಾದ ಮೇಲಿನ ಮಾತು.

ಹಲವು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ತರಗತಿ ಮುಗಿದ ಮೇಲೆ ವಿದ್ಯಾರ್ಥಿಗಳು ಬಾಗಿಲ ಬಳಿ ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: ‘ಸರ್, ಬಿಯರಿನಲ್ಲಿರುವ ಆಲ್ಕೋಹಾಲ್ ಬೇರೆ, ವಿಸ್ಕಿಯಲ್ಲಿರುವುದು ಬೇರೆ, ಅಲ್ಲವೇ?’ ಅಲ್ಲ. ಎರಡರಲ್ಲೂ ಇರುವುದು ಎಥನಾಲ್ ಎಂಬ ಒಂದೇ ವಸ್ತು. ಬೇರೆಯಾಗುವುದು ಅದು ಹುಟ್ಟಿದ ಮೂಲ, ಅದರ ಪ್ರಮಾಣ, ಜೊತೆಗೆ ಬಂದ ರುಚಿ ಮತ್ತು ವಾಸನೆಯ ವಸ್ತುಗಳು. ದನಿ ತಗ್ಗಿಸಿ ಕೇಳಬೇಕಾದ ಪ್ರಶ್ನೆಯೇನೂ ಅದಲ್ಲ. ಈ ವಿಷಯದ ಸುತ್ತ ಮುಜುಗರ ಹೆಚ್ಚಾಗಿರುವುದರಿಂದಲೇ ತಪ್ಪು ತಿಳಿವಳಿಕೆಯೂ ಹೆಚ್ಚಾಗಿದೆ ಎಂದು ನನಗೆ ಅನ್ನಿಸುತ್ತದೆ. ಕುಡಿಯುವವರಿಗೂ, ಕುಡಿಯದವರಿಗೂ, ಮನೆಯಲ್ಲಿ ಕುಡಿಯುವವರಿದ್ದಾರೆಂದು ಚಿಂತಿಸುವವರಿಗೂ ಇದು ಸರಿಯಾಗಿ ತಿಳಿದಿರಬೇಕು.

ಯೀಸ್ಟ್ ಮಾಡುವ ಕೆಲಸ

ಎಲ್ಲ ಮದ್ಯದ ಮೂಲದಲ್ಲಿ ಇರುವುದು ಯೀಸ್ಟ್ ಎಂಬ ಏಕಕೋಶ ಜೀವಿ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವುದೂ ಇದೇ ಜಾತಿಯ ಯೀಸ್ಟ್. ಸಕ್ಕರೆ ಅದರ ಆಹಾರ. ಸಿಹಿ ರಸದಲ್ಲಿ ಬಿದ್ದ ಯೀಸ್ಟ್ ಸಕ್ಕರೆಯನ್ನು ಪೂರ್ತಿ ಉರಿಸಿ ಶಕ್ತಿ ಪಡೆಯುವುದಿಲ್ಲ, ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಹಾಗೆ ಅರೆಬರೆಯಾಗಿ ಉಳಿದದ್ದೇ ಎಥನಾಲ್. ಲೆಕ್ಕ ಸೊಗಸಾಗಿದೆ: 180 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ 92 ಗ್ರಾಂ ಎಥನಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಹೆಚ್ಚುಕಡಿಮೆ ಅರ್ಧಕ್ಕರ್ಧ. ಅಂದರೆ ಸಕ್ಕರೆಯ ತೂಕದ ಅರ್ಧ ಭಾಗ ಗುಳ್ಳೆಗಳಾಗಿ ಗಾಳಿಗೆ ಸೇರಿಹೋಗುತ್ತದೆ. ದ್ರಾಕ್ಷಿ ರಸ ತುಂಬಿದ ಗಾಜಿನ ಜಾಡಿಯನ್ನು ಎರಡನೆಯ ದಿನ ಹತ್ತಿರದಿಂದ ನೋಡಿದರೆ ಈ ಕೆಲಸ ಕಣ್ಣಿಗೇ ಕಾಣುತ್ತದೆ. ತಳದಿಂದ ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ, ಸಿಪ್ಪೆಗಳು ಮೇಲಕ್ಕೆ ತೇಲಿ ದಪ್ಪ ಪದರ ಕಟ್ಟುತ್ತವೆ, ಕಿವಿಗೊಟ್ಟರೆ ಸಣ್ಣದಾಗಿ ಸುಯ್ ಎನ್ನುವ ಸದ್ದು ಕೇಳುತ್ತದೆ. ಜಾಡಿಯ ಹೊರಮೈ ಕೈಗೆ ಬೆಚ್ಚಗೆ ತಾಗುತ್ತದೆ.

ಈ ಗುಳ್ಳೆಗಳ ಹಿಂದೆ ಇರುವುದು ಜೀವವೆಂದು ಮನುಷ್ಯರಿಗೆ ಖಚಿತವಾದದ್ದು ತೀರ ಈಚೆಗೆ. ಚೀನಾದ ಜಿಯಾಹು ಎಂಬಲ್ಲಿ ಸಿಕ್ಕ ಸುಮಾರು 9,000 ವರ್ಷ ಹಳೆಯ ಮಡಕೆಗಳಲ್ಲಿ ಅಕ್ಕಿ, ಜೇನು ಮತ್ತು ಹಣ್ಣಿನಿಂದ ಹುದುಗಿಸಿದ ಪಾನೀಯದ ಕುರುಹುಗಳಿವೆ. ಹುದುಗುವಿಕೆ ಜೀವಂತ ಯೀಸ್ಟಿನ ಕೆಲಸ ಎಂದು ಲೂಯಿ ಪಾಶ್ಚರ್ ಪ್ರಯೋಗಗಳಿಂದ ತೋರಿಸಿಕೊಟ್ಟದ್ದು 1860ರ ಸುಮಾರಿಗೆ. ನಡುವಿನ ಅಷ್ಟೂ ಸಾವಿರ ವರ್ಷ ಜನ ಕಾರಣ ಗೊತ್ತಿಲ್ಲದೆ, ಹದ ಮಾತ್ರ ಗೊತ್ತಿದ್ದು ಮದ್ಯ ತಯಾರಿಸಿದರು.

ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಆಲ್ಕೋಹಾಲ್ ಬರುತ್ತದೆ. ಹಾಗಾಗಿ ಲೀಟರಿಗೆ 220 ಗ್ರಾಂ ಸಕ್ಕರೆಯಿರುವ ದ್ರಾಕ್ಷಿ ರಸ ಶೇ. 13ರ ಆಸುಪಾಸಿನ ವೈನ್ ಆಗುತ್ತದೆ. ಎರಡನೆಯದು, ಯೀಸ್ಟ್ ತಾನು ಹುಟ್ಟಿಸಿದ ಆಲ್ಕೋಹಾಲಿಗೆ ತಾನೇ ಸೋಲುತ್ತದೆ. ಶೇ. 15ರ ಹತ್ತಿರ ಬರುತ್ತಿದ್ದಂತೆ ಹೆಚ್ಚಿನ ಯೀಸ್ಟುಗಳು ದಣಿದು ಕೆಲಸ ನಿಲ್ಲಿಸುತ್ತವೆ. ಕೆಲವು ಗಟ್ಟಿ ತಳಿಗಳು ಇನ್ನೊಂದಿಷ್ಟು ದೂರ ಹೋಗುತ್ತವೆ, ಅಷ್ಟೇ. ಆದ್ದರಿಂದ ಶೇ. 40ರ ಪಾನೀಯವೊಂದು ಬರೀ ಹುದುಗಿಸುವುದರಿಂದ ಎಂದೂ ಸಿಗಲಾರದು. ಹೆಂಡ ಮತ್ತು ಸಾರಾಯಿಯ ನಡುವೆ ಗೆರೆ ಎಳೆದದ್ದು ಯೀಸ್ಟಿನ ಈ ಮಿತಿಯೇ.

ಹಣ್ಣಿನ ದಾರಿ

ಸಕ್ಕರೆ ಸಿದ್ಧವಾಗಿಯೇ ಸಿಗುವ ಕಡೆ ಮದ್ಯ ಮಾಡುವುದು ಸುಲಭ. ಹಣ್ಣನ್ನು ಹಿಂಡಿದರೆ ಸಾಕು, ಸಿಪ್ಪೆಯ ಮೇಲೂ ಗಾಳಿಯಲ್ಲೂ ಇರುವ ಕಾಡು ಯೀಸ್ಟ್ ಉಳಿದ ಕೆಲಸ ಶುರುಮಾಡುತ್ತದೆ. ದ್ರಾಕ್ಷಿಯ ಮೇಲಿನ ಬೂದುಬಣ್ಣದ ಪುಡಿಯೇ ಯೀಸ್ಟ್ ಎಂದು ಅನೇಕರು ನಂಬಿದ್ದಾರೆ. ಅದು ಹಣ್ಣು ತನ್ನ ಮೈಮೇಲೆ ಹೊದ್ದುಕೊಂಡ ಮೇಣ. ಯೀಸ್ಟ್ ಆ ಮೇಣಕ್ಕೆ ಅಂಟಿಕೊಂಡಿರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ವೈನಿನ ಬಣ್ಣದ ಗುಟ್ಟೂ ಸಿಪ್ಪೆಯಲ್ಲಿದೆ. ಕಪ್ಪು ದ್ರಾಕ್ಷಿಯೊಂದನ್ನು ಸುಲಿದು ನೋಡಿ: ಒಳಗಿನ ತಿರುಳು ಹೆಚ್ಚಿನ ತಳಿಗಳಲ್ಲಿ ಬಿಳಿ, ರಸವೂ ಬಿಳಿ. ಸಿಪ್ಪೆಯ ಜೊತೆಗೇ ರಸ ಹುದುಗಿದರೆ ಸಿಪ್ಪೆಯ ಬಣ್ಣವೂ ಒಗರೂ ಇಳಿದು ಕೆಂಪು ವೈನ್ ಆಗುತ್ತದೆ. ಹಿಂಡಿದ ಕೂಡಲೇ ಸಿಪ್ಪೆ ತೆಗೆದರೆ ಬಿಳಿ ವೈನ್. ಕೆಲವು ಗಂಟೆ ಮಾತ್ರ ಸಿಪ್ಪೆಯೊಡನೆ ಬಿಟ್ಟರೆ ತಿಳಿಗೆಂಪಿನ ರೋಜೆ. ಹಾಗಾಗಿ ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ಮಾಡಬಹುದು, ಶಾಂಪೇನ್‌ನಲ್ಲಿ ಮಾಡುತ್ತಲೂ ಇದ್ದಾರೆ. ಬಿಳಿ ದ್ರಾಕ್ಷಿಯಿಂದ ಕೆಂಪು ವೈನ್ ಮಾತ್ರ ಸಾಧ್ಯವಿಲ್ಲ. ಕೆಂಪು ವೈನ್ ಕುಡಿದವರ ನಾಲಿಗೆ ಒಣಗಿದಂತಾಗುವುದು ಟ್ಯಾನಿನ್ ಎಂಬ ವಸ್ತುವಿನಿಂದ. ಕನ್ನಡದಲ್ಲಿ ನಾವು ‘ಒಗರು’ ಎನ್ನುವುದು ನಿಖರವಾಗಿ ಇದೇ ಅನುಭವವನ್ನು, ಕಾಯಿ ಬಾಳೆ ಕಚ್ಚಿದಾಗ ಆಗುವುದನ್ನು.

‘ಡ್ರೈ’ ಎಂಬ ಪದ ಗೊಂದಲ ಹುಟ್ಟಿಸುತ್ತದೆ. ಒಣ ವೈನ್ ಎಂದು ಪದಕ್ಕೆ ಪದ ಇಟ್ಟರೆ ಏನೂ ತಿಳಿಯುವುದಿಲ್ಲ. ಯೀಸ್ಟ್ ಸಕ್ಕರೆಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದ, ಸಿಹಿ ಉಳಿಯದ ವೈನ್ ಎಂದಷ್ಟೇ ಅದರ ಅರ್ಥ. ಹುದುಗುವಿಕೆಯನ್ನು ನಡುವೆ ನಿಲ್ಲಿಸಿದರೆ, ಇಲ್ಲವೇ ಯೀಸ್ಟ್ ತಿಂದು ಮುಗಿಸಲಾರದಷ್ಟು ಸಕ್ಕರೆ ಮೊದಲೇ ಇದ್ದರೆ, ಸಿಹಿ ವೈನ್.

ಗುಳ್ಳೆಯ ವೈನಿನದು ಇನ್ನೊಂದು ಜಾಣ್ಮೆ. ಹುದುಗುವಾಗ ಹುಟ್ಟುವ ಅನಿಲವನ್ನು ಹೊರಗೆ ಬಿಡದೆ ಹಿಡಿದಿಟ್ಟರೆ ಅದು ದ್ರವದಲ್ಲೇ ಕರಗುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರದೇಶದವರು ಸಿದ್ಧವಾದ ವೈನಿಗೆ ಮತ್ತೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯ ಬಾಯಿ ಮುಚ್ಚುತ್ತಾರೆ. ಎರಡನೆಯ ಹುದುಗುವಿಕೆ ಬಾಟಲಿಯೊಳಗೇ ನಡೆದು ಸುಮಾರು 6 ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ, ಕಾರಿನ ಟೈರಿನಲ್ಲಿರುವುದರ ಎರಡು ಮೂರು ಪಟ್ಟು. ಬಾಟಲಿ ಅಷ್ಟು ದಪ್ಪ, ತಳ ಒಳಕ್ಕೆ ತಗ್ಗಿದಂತೆ ಇರುವುದು ಈ ಒತ್ತಡಕ್ಕಾಗಿ. ಇದನ್ನು ಡೊಮ್ ಪೆರಿನ್ಯೋ ಎಂಬ ಸನ್ಯಾಸಿ ಕಂಡುಹಿಡಿದ ಎಂಬ ಕಥೆ ಎಲ್ಲೆಡೆ ಹರಡಿದೆ. ಆದರೆ ವೈನಿಗೆ ಸಕ್ಕರೆ ಸೇರಿಸಿ ಗುಳ್ಳೆ ಬರಿಸುವ ಪದ್ಧತಿಯನ್ನು ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಮುಂದೆ ವಿವರಿಸಿದ್ದರು. ಶಾಂಪೇನ್ ಎಂಬ ಹೆಸರು ಆ ಪ್ರದೇಶದ ವೈನಿಗೆ ಮೀಸಲು. ಬೇರೆಡೆಯ ಗುಳ್ಳೆಯ ವೈನುಗಳಿಗೆ ಬೇರೆ ಹೆಸರುಗಳಿವೆ, ಇಟಲಿಯ ಪ್ರೊಸೆಕ್ಕೊ, ಸ್ಪೇನಿನ ಕಾವಾ ಹೀಗೆ.

ಸೇಬಿನ ರಸ ಹುದುಗಿದರೆ ಸೈಡರ್, ಪೇರ್ ಹಣ್ಣಿನದು ಪೆರಿ. ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ನೀರು ಮಾತ್ರ ಯೀಸ್ಟ್ ಬದುಕಲಾಗದಷ್ಟು ಕಡಿಮೆ. ಜೇನು ವರ್ಷಗಟ್ಟಲೆ ಕೆಡದಿರುವುದೂ ಅದಕ್ಕೇ. ನೀರು ಬೆರೆಸಿದ ದಿನವೇ ಹುದುಗಲು ಅನುವಾಗುತ್ತದೆ, ಅದು ಮೀಡ್. ತಾಳೆಯ ಜಾತಿಯ ಮರಗಳಿಂದ ಇಳಿಸಿದ ಸಿಹಿನೀರು ಕೆಲವೇ ಗಂಟೆಗಳಲ್ಲಿ ಕಳ್ಳಾಗುತ್ತದೆ, ದಿನ ಕಳೆದರೆ ಹುಳಿಯಾಗುತ್ತದೆ. ಆ ಹುಳಿ ಬ್ಯಾಕ್ಟೀರಿಯಾಗಳ ಕೆಲಸ. ಆಲ್ಕೋಹಾಲನ್ನು ಅವು ಗಾಳಿಯ ಸಹಾಯದಿಂದ ಅಸಿಟಿಕ್ ಆಮ್ಲವಾಗಿಸುತ್ತವೆ, ಅಂದರೆ ವಿನೆಗರ್.

ಧಾನ್ಯದ ದಾರಿ

ಧಾನ್ಯದಲ್ಲಿ ಒಂದು ತೊಡಕಿದೆ. ಅದರಲ್ಲಿರುವುದು ಸಕ್ಕರೆಯಲ್ಲ, ಪಿಷ್ಟ. ಪಿಷ್ಟ ಎಂದರೆ ಸಕ್ಕರೆಯ ಕಣಗಳನ್ನು ಸರಪಳಿಯಾಗಿ ಕೋದಿಟ್ಟ ದಾಸ್ತಾನು. ಯೀಸ್ಟಿಗೆ ಆ ಸರಪಳಿ ಕಡಿಯಲು ಬರುವುದಿಲ್ಲ. ಹಾಗಾಗಿ ಬಿಯರ್ ಮಾಡುವವರ ಮೊದಲ ಕೆಲಸ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು. ಇದಕ್ಕೆ ಮನುಷ್ಯರು ಮೂರು ಉಪಾಯ ಕಂಡುಕೊಂಡರು, ಮೂರೂ ನನಗೆ ಅಚ್ಚರಿ ಹುಟ್ಟಿಸುತ್ತವೆ.

ಒಂದು ಅಗುಳು ಅನ್ನವನ್ನು ನುಂಗದೆ ಎರಡು ನಿಮಿಷ ಅಗಿಯುತ್ತಾ ಇರಿ, ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರ ಫಲ ಅದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಮೆಕ್ಕೆಜೋಳವನ್ನು ಅಗಿದು ಉಗಿದು ಚಿಚಾ ಎಂಬ ಬಿಯರ್ ಮಾಡಿದ್ದು ಈ ತತ್ತ್ವದ ಮೇಲೆಯೇ. ಎರಡನೆಯ ಉಪಾಯ ಬೂಷ್ಟಿನದು. ಜಪಾನಿನವರು ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟು ಬೆಳೆಸುತ್ತಾರೆ. ಬೂಷ್ಟು ಪಿಷ್ಟ ಒಡೆಯುತ್ತಿರುವಂತೆಯೇ ಅದೇ ಪಾತ್ರೆಯಲ್ಲಿ ಯೀಸ್ಟ್ ಸಕ್ಕರೆ ತಿನ್ನುತ್ತಿರುತ್ತದೆ. ಒಂದೇ ಸಲ ಸಕ್ಕರೆಯ ಹೊರೆ ಬೀಳದೆ ಸ್ವಲ್ಪಸ್ವಲ್ಪವೇ ಒದಗುವುದರಿಂದ ಯೀಸ್ಟ್ ಹೆಚ್ಚು ದೂರ ಹೋಗುತ್ತದೆ. ಹೀಗಾಗಿ ಸಾಕೆ ಭಟ್ಟಿ ಇಳಿಸದೆಯೇ ಶೇ. 20ರ ಹತ್ತಿರ ತಲುಪುತ್ತದೆ. ಬಾಟಲಿಗೆ ತುಂಬುವ ಮುನ್ನ ಸಾಮಾನ್ಯವಾಗಿ ನೀರು ಬೆರೆಸಿ ಶೇ. 15-16ಕ್ಕೆ ಇಳಿಸುತ್ತಾರೆ. ಸಾಕೆಯನ್ನು ‘ಅಕ್ಕಿ ವೈನ್’ ಎನ್ನುವ ರೂಢಿ ಇದೆ. ತಯಾರಿಕೆಯ ದೃಷ್ಟಿಯಿಂದ ಅದು ಬಿಯರಿನ ನೆಂಟ, ವೈನಿನದಲ್ಲ.

ಮೂರನೆಯ ಉಪಾಯವೇ ಮಾಲ್ಟ್. ಬಾರ್ಲಿಯನ್ನು ನೀರಿನಲ್ಲಿ ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆಯೊಡೆದ ಕಾಳು ಗಿಡವಾಗುವ ಸಿದ್ಧತೆಯಲ್ಲಿ ತನ್ನೊಳಗಿನ ಪಿಷ್ಟ ಒಡೆಯುವ ಕಿಣ್ವಗಳನ್ನು ತಾನೇ ಸಿದ್ಧಪಡಿಸುತ್ತದೆ. ಆ ಹಂತದಲ್ಲಿ ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿ ಬೆಳವಣಿಗೆ ನಿಲ್ಲಿಸಿದರೆ ಮಾಲ್ಟ್. ಇದನ್ನು ಒಡೆದು 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಕಲಸಿಟ್ಟರೆ ಗಂಟೆಯೊಳಗೆ ಸಪ್ಪೆ ಗಂಜಿ ಸಿಹಿ ಪಾನಕವಾಗುತ್ತದೆ. ಹೆಚ್ಚು ಹುರಿದ ಮಾಲ್ಟ್ ಸೇರಿಸಿದರೆ ಬಿಯರ್ ಕಪ್ಪಾಗಿ ಕಾಫಿಯ ಕಹಿಯತ್ತ ವಾಲುತ್ತದೆ. ಸ್ಟೌಟ್ ಎನ್ನುವುದು ಅಂಥ ಬಿಯರ್. ಕಪ್ಪಗಿದ್ದ ಮಾತ್ರಕ್ಕೆ ಅದರಲ್ಲಿ ಆಲ್ಕೋಹಾಲ್ ಹೆಚ್ಚೆಂದು ತಿಳಿಯಬಾರದು, ಬಣ್ಣ ಹುರಿದದ್ದರ ಗುರುತು ಅಷ್ಟೇ.

ಹಾಪ್ಸ್ ಎಂಬ ಬಳ್ಳಿಯ ಹೂವು ಬಿಯರಿಗೆ ಕಹಿ ಮತ್ತು ಘಮ ಕೊಡುತ್ತದೆ, ಜೊತೆಗೆ ಕೆಡಿಸುವ ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತದೆ. 1516ರಲ್ಲಿ ಬವೇರಿಯಾದಲ್ಲಿ ಹೊರಟ ಪ್ರಸಿದ್ಧ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರನ್ನು ಮಾತ್ರ ಬಳಸಬೇಕೆಂದಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ, ಏಕೆಂದರೆ ಅದೊಂದು ಜೀವಿಯೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಬಿಯರಿನ ನೂರಾರು ಹೆಸರುಗಳ ಹಿಂದೆ ಎರಡು ದೊಡ್ಡ ಕವಲುಗಳಿವೆ. ಏಲ್ ಬೆಚ್ಚಗಿನ ಹವೆಯಲ್ಲಿ, 20 ಡಿಗ್ರಿಯ ಆಸುಪಾಸು, ಬೇಗ ಹುದುಗುತ್ತದೆ. ಅದರಲ್ಲಿ ಹಣ್ಣಿನಂಥ ವಾಸನೆ ಹೆಚ್ಚು. ಲಾಗರ್ 10 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಹುದುಗಿ, ವಾರಗಟ್ಟಲೆ ತಂಪಿನಲ್ಲಿ ಕೂತು ತಿಳಿಯಾಗುತ್ತದೆ. ಜರ್ಮನ್ ಭಾಷೆಯಲ್ಲಿ ‘ಲಾಗರ್’ ಎಂದರೆ ದಾಸ್ತಾನು. ಇದರ ಯೀಸ್ಟ್ ಬೇರೆಯದೇ, ಸಾಮಾನ್ಯ ಯೀಸ್ಟ್ ಮತ್ತು ಚಳಿ ತಡೆಯುವ ಕಾಡು ಯೀಸ್ಟಿನ ಮಿಶ್ರತಳಿ. ಆ ಕಾಡು ಯೀಸ್ಟ್ ದಕ್ಷಿಣ ಅಮೆರಿಕದ ಪಟಗೋನಿಯಾದ ಕಾಡಿನಲ್ಲಿ ಸಿಕ್ಕಿದೆ ಎಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಇಂದು ಜಗತ್ತಿನಲ್ಲಿ ಹೆಚ್ಚು ಕಾಣುವ ಹೊಂಬಣ್ಣದ ತಿಳಿ ಬಿಯರ್, 1842ರಲ್ಲಿ ಬೊಹೆಮಿಯಾದ (ಇಂದಿನ ಚೆಕ್ ದೇಶದ ಭಾಗ) ಪಿಲ್ಸೆನ್ ನಗರದಲ್ಲಿ ಯೋಸೆಫ್ ಗ್ರೋಲ್ ತಯಾರಿಸಿದ ಬಿಯರಿನ ಸಂತತಿ. ‘ಪಿಲ್ಸ್ನರ್’ ಎಂಬ ಹೆಸರು ಬಂದದ್ದು ಆ ಊರಿನಿಂದ.

ಭಟ್ಟಿಯ ಮುಂದೆ

ಈಗ ಎರಡನೆಯ ಮನೆತನಕ್ಕೆ ಬರೋಣ. ನೀರು ಕುದಿಯುವುದು 100 ಡಿಗ್ರಿಗೆ, ಎಥನಾಲ್ 78 ಡಿಗ್ರಿ ದಾಟಿದ ಕೂಡಲೇ. ಹಾಗಾದರೆ 78ರವರೆಗೆ ಕಾಯಿಸಿದರೆ ಆಲ್ಕೋಹಾಲ್ ಮಾತ್ರ ಆವಿಯಾಗಿ ಬರುತ್ತದೆ ಎಂದು ಪಠ್ಯಪುಸ್ತಕ ಓದಿದವರೆಲ್ಲ ಭಾವಿಸುತ್ತಾರೆ. ಪ್ರಯೋಗಾಲಯದಲ್ಲಿ ಹಾಗೆ ಆಗುವುದಿಲ್ಲ. ಹುದುಗಿದ ರಸವನ್ನು ಗಾಜಿನ ಚೆಂಬಿನಲ್ಲಿ ಕಾಯಿಸುವಾಗ ಮಕ್ಕಳು ಉಷ್ಣಮಾಪಕದ ಮೇಲೇ ಕಣ್ಣು ನೆಟ್ಟಿರುತ್ತಿದ್ದರು. 78 ಬಂತು, ಏನೂ ಇಲ್ಲ. 85, ಆಗಲೂ ಇಲ್ಲ. 90 ದಾಟಿದ ಮೇಲೆ ತಣಿಸುವ ಕೊಳವೆಯ ತುದಿಯಲ್ಲಿ ಮೊದಲ ಹನಿ ಕಟ್ಟಿ, ತೂಗಿ, ಬೀಳುತ್ತಿತ್ತು. ಕಾರಣವಿಷ್ಟೇ: ನೀರು ಮತ್ತು ಎಥನಾಲ್ ಬೆರೆತ ಮೇಲೆ ಅವು ಬೇರೆಬೇರೆಯಾಗಿ ಕುದಿಯುವುದಿಲ್ಲ, ಮಿಶ್ರಣಕ್ಕೆ ತನ್ನದೇ ಕುದಿಬಿಂದು ಇರುತ್ತದೆ. ಆದರೆ ಮೇಲೇಳುವ ಆವಿಯಲ್ಲಿ ಎಥನಾಲಿನ ಪಾಲು ಕೆಳಗಿನ ದ್ರವದಲ್ಲಿರುವುದಕ್ಕಿಂತ ಬಹಳ ಹೆಚ್ಚು. ಶೇ. 10ರ ರಸದಿಂದ ಬೀಳುವ ಮೊದಲ ಹನಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲೇ ಇರುತ್ತದೆ. ಒಮ್ಮೆ ಇಳಿಸಿದ್ದನ್ನು ಮತ್ತೆ ಕಾಯಿಸಿದರೆ ಇನ್ನೂ ಗಟ್ಟಿ. ಎಷ್ಟು ಸಲ ಕಾಯಿಸಿದರೂ ಶೇ. 96-97ರ ಹತ್ತಿರ ಅದು ನಿಂತುಬಿಡುತ್ತದೆ. ಅಲ್ಲಿ ಆವಿ ಮತ್ತು ದ್ರವದ ಪಾಲು ಒಂದೇ ಆಗಿರುವುದರಿಂದ ಸಾಮಾನ್ಯ ಭಟ್ಟಿಗೆ ಅದರಿಂದಾಚೆ ದಾರಿಯಿಲ್ಲ.

ಭಟ್ಟಿಯಲ್ಲಿ ಎರಡು ಬಗೆ. ತಾಮ್ರದ ಹಂಡೆಯದು ಹಳೆಯದು. ಒಂದು ಸಲಕ್ಕೆ ಒಂದು ಹಂಡೆ, ನಿಧಾನ, ಮೂಲದ ವಾಸನೆ ರುಚಿಗಳನ್ನು ಬಹಳಷ್ಟು ಉಳಿಸಿಕೊಳ್ಳುತ್ತದೆ. ತಾಮ್ರವನ್ನು ಅಂದಕ್ಕಾಗಿ ಬಳಸುವುದಲ್ಲ, ದುರ್ವಾಸನೆಯ ಗಂಧಕದ ವಸ್ತುಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಗೋಪುರದಂಥ ಭಟ್ಟಿ. ಒಳಗೆ ಒಂದರ ಮೇಲೊಂದು ತಟ್ಟೆಗಳು, ಕೆಳಗಿನಿಂದ ಹಬೆ, ಮೇಲಿನಿಂದ ರಸ. ಒಂದೊಂದು ತಟ್ಟೆಯಲ್ಲೂ ಒಂದೊಂದು ಸಲ ಭಟ್ಟಿ ಇಳಿಸಿದಂತೆ. ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಏನಿಯಸ್ ಕಾಫಿ 1830ರಲ್ಲಿ ಇದರ ಸುಧಾರಿತ ರೂಪಕ್ಕೆ ಪೇಟೆಂಟ್ ಪಡೆದರು. ಎಡೆಬಿಡದೆ ನಡೆಯುವ ಈ ಯಂತ್ರದಿಂದ ಬರುವ ಮದ್ಯ ಹಗುರ, ಹೆಚ್ಚುಕಡಿಮೆ ವಾಸನೆಯಿಲ್ಲದ್ದು.

ಹಂಡೆಯಿಂದ ಇಳಿಯುವ ಧಾರೆ ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿರುವುದಿಲ್ಲ. ಮೊದಲ ಧಾರೆ ಮೂಗಿಗೆ ಘಾಟು ಹೊಡೆಯುತ್ತದೆ. ನಡುವಿನದೇ ಕುಡಿಯಲು ಯೋಗ್ಯ. ಕೊನೆಯದು ಕಮಟು. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ನಿರ್ಧರಿಸುವುದೇ ಭಟ್ಟಿಯವನ ಅನುಭವ. ಇಲ್ಲಿ ಒಂದು ಅಪಾಯಕಾರಿ ನಂಬಿಕೆಯನ್ನು ತಿದ್ದಲೇಬೇಕು. ಮೊದಲ ಧಾರೆ ಚೆಲ್ಲಿದರೆ ವಿಷಕಾರಿ ಮೆಥನಾಲ್ ಪೂರ್ತಿ ಹೋಗುತ್ತದೆ ಎನ್ನುತ್ತಾರೆ. ಅದರ ಕುದಿಬಿಂದು 65 ಡಿಗ್ರಿಯ ಹತ್ತಿರವಿದ್ದರೂ ನೀರು ಬೆರೆತ ದ್ರವದಲ್ಲಿ ಅದು ಧಾರೆಯ ಉದ್ದಕ್ಕೂ ಬರುತ್ತಲೇ ಇರುತ್ತದೆ. ಇನ್ನೊಂದು ಕಡೆ, ಹಣ್ಣು ಧಾನ್ಯಗಳು ಹುದುಗುವಾಗ ಹುಟ್ಟುವ ಮೆಥನಾಲ್ ಬಹಳ ಕಡಿಮೆ. ಕಳ್ಳಭಟ್ಟಿ ಕುಡಿದು ಜನ ಗುಂಪುಗುಂಪಾಗಿ ಸಾಯುವುದಕ್ಕೆ ಕಾರಣ ಹೆಚ್ಚಿನ ಸಲ ಕೈಗಾರಿಕೆಯ ಮೆಥನಾಲನ್ನು ಅದಕ್ಕೆ ಬೆರೆಸಿರುವುದು. ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತದೆ, ಕಣ್ಣಿನ ನರ ಮೊದಲು ಪೆಟ್ಟು ತಿನ್ನುತ್ತದೆ. ಬಣ್ಣದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ಅದನ್ನು ಎಥನಾಲಿನಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವಿಲ್ಲ. ಲಕ್ಷಣಗಳು ಹಲವು ಗಂಟೆ ತಡವಾಗಿ ಕಾಣಿಸಬಹುದು. ಕುಡಿದವರು ಕಣ್ಣು ಮಂಜಾಗಿದೆ ಎಂದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅದಕ್ಕೆ ಚಿಕಿತ್ಸೆ ಇದೆ, ಬೇಗ ಸಿಗಬೇಕು.

ಯಾವ ಹೆಂಡದಿಂದ ಯಾವ ಸಾರಾಯಿ

ಮೂಲವನ್ನು ಕೇಳಿದರೆ ಸಾರಾಯಿಯ ಹೆಸರು ತಾನಾಗಿ ತಿಳಿಯುತ್ತದೆ. ವೈನನ್ನು ಭಟ್ಟಿ ಇಳಿಸಿದರೆ ಬ್ರಾಂದಿ. ಡಚ್ ಭಾಷೆಯಲ್ಲಿ ‘ಸುಟ್ಟ ವೈನ್’ ಎಂಬ ಅರ್ಥದ ಪದದಿಂದ ಈ ಹೆಸರು ಬಂದಿದೆ. ಫ್ರಾನ್ಸಿನ ಕೊನ್ಯಾಕ್ ಪ್ರದೇಶದ ಬ್ರಾಂದಿಯನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸಿ ಕನಿಷ್ಠ 2 ವರ್ಷ ಓಕ್ ಪೀಪಾಯಿಯಲ್ಲಿ ಇಡಬೇಕು. ಅದರ ಬಾಟಲಿಯ ಮೇಲೆ ‘ವಿಎಸ್‌ಒಪಿ’ ಎಂದಿದ್ದರೆ ಕನಿಷ್ಠ 4 ವರ್ಷ, ‘ಎಕ್ಸ್‌ಒ’ ಎಂದಿದ್ದರೆ 10 ವರ್ಷ.

ಹಾಪ್ಸ್ ಹಾಕದ ಬಿಯರನ್ನು ಭಟ್ಟಿ ಇಳಿಸಿ ಪೀಪಾಯಿಯಲ್ಲಿ ಮಾಗಿಸಿದರೆ ವಿಸ್ಕಿ ಎನ್ನಬಹುದು. ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟೇ ತಿಳಿ. ಹೊಂಬಣ್ಣ, ವೆನಿಲಾ ವಾಸನೆ, ನುಣುಪು ಇವನ್ನೆಲ್ಲ ಕೊಡುವುದು ಮರ. ಸ್ಕಾಚ್ ಎನ್ನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲೇ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಮಾಗಬೇಕು, ಬಾಟಲಿಯಲ್ಲಿ ಶೇ. 40ಕ್ಕೆ ಕಡಿಮೆ ಇರಬಾರದು. ಅಮೆರಿಕದ ಬೂರ್ಬನ್‌ನಲ್ಲಿ ಧಾನ್ಯದ ಪೈಕಿ ಶೇ. 51ರಷ್ಟಾದರೂ ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ ಆ ಪೀಪಾಯಿಗಳನ್ನು ಸ್ಕಾಟ್ಲೆಂಡಿನವರು ಕೊಂಡು ತಮ್ಮ ವಿಸ್ಕಿ ತುಂಬುತ್ತಾರೆ. ಕೆಲವು ಸ್ಕಾಚ್‌ಗಳ ಹೊಗೆ ವಾಸನೆ ಮಾಲ್ಟ್ ಒಣಗಿಸುವಾಗ ಉರಿಸಿದ ಪೀಟ್ ಎಂಬ ಜೌಗುಮಣ್ಣಿನದು. ಮಾಗುವಾಗ ಪೀಪಾಯಿಯ ಸಂದಿನಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಇದನ್ನು ಅಲ್ಲಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ಬಿಸಿ ಸೀಮೆಯಲ್ಲಿ ಈ ಪಾಲು ಇನ್ನೂ ಹೆಚ್ಚು, ಮಾಗುವ ವೇಗವೂ ಹೆಚ್ಚು. ಬಾಟಲಿಗೆ ತುಂಬಿದ ಮೇಲೆ ಮಾಗುವುದು ನಿಲ್ಲುತ್ತದೆ. 12 ವರ್ಷದ ವಿಸ್ಕಿ ಕಪಾಟಿನಲ್ಲಿ ಇಪ್ಪತ್ತು ವರ್ಷ ಕೂತರೂ 12 ವರ್ಷದ್ದೇ.

ಕಬ್ಬಿನ ಹಾಲು ಅಥವಾ ಕಾಕಂಬಿಯಿಂದ ಆದದ್ದು ರಮ್. ಕಪ್ಪು ರಮ್ ಹಳೆಯದು, ಬಿಳಿ ರಮ್ ಹೊಸದು ಎಂಬ ಎಣಿಕೆ ತಪ್ಪಬಹುದು. ಕಪ್ಪು ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ, ಮಾಗಿದ ರಮ್‌ನ ಬಣ್ಣವನ್ನು ಇದ್ದಿಲಿನಲ್ಲಿ ಸೋಸಿ ತೆಗೆಯಲೂಬಹುದು. ಟೆಕಿಲಾ ಮೆಕ್ಸಿಕೊದ ನೀಲಿ ಕತ್ತಾಳೆಯಿಂದ ಆಗುವುದು. ಅದನ್ನು ಪಾಪಾಸುಕಳ್ಳಿ ಎಂದು ತಿಳಿದವರಿದ್ದಾರೆ, ಎರಡೂ ಬೇರೆ ಕುಲ. ಗಿಡ ಆರೇಳು ವರ್ಷ ಬೆಳೆದ ಮೇಲೆ ಅದರ ದಪ್ಪ ಗಡ್ಡೆಯಂಥ ಕಾಂಡವನ್ನು ಬೇಯಿಸಿ ಸಿಹಿ ಬರಿಸುತ್ತಾರೆ.

ವೋಡ್ಕಾದ ಗುರಿಯೇ ಬೇರೆ. ಮೂಲದ ಗುರುತನ್ನು ಉಳಿಸದೆ ತೆಗೆದುಹಾಕುವುದು ಅದರ ಹದ. ಧಾನ್ಯವೋ ಆಲೂಗಡ್ಡೆಯೋ, ಗೋಪುರದ ಭಟ್ಟಿಯಲ್ಲಿ ಹೆಚ್ಚುಕಡಿಮೆ ಶುದ್ಧ ಎಥನಾಲ್ ಆಗುವಷ್ಟು ಇಳಿಸಿ ನೀರು ಬೆರೆಸುತ್ತಾರೆ. ಅಂಥದೇ ಮದ್ಯಕ್ಕೆ ಜೂನಿಪರ್ ಕಾಯಿ ಮತ್ತಿತರ ಬೇರು ಬೀಜ ಸಿಪ್ಪೆಗಳ ಸಾರ ಇಳಿಸಿದರೆ ಜಿನ್.

ಎರಡು ಮನೆತನಗಳೂ ಕೂಡಿದವು ಕೆಲವಿವೆ. ಪೋರ್ಟ್ ವೈನಿನಲ್ಲಿ ಹುದುಗುವಿಕೆಯ ನಡುವೆ ಭಟ್ಟಿ ಇಳಿಸಿದ ದ್ರಾಕ್ಷಿ ಮದ್ಯ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ, ಆಲ್ಕೋಹಾಲ್ ಶೇ. 20ರ ಹತ್ತಿರ ಏರುತ್ತದೆ. ಶೆರ್ರಿ ಎಂಬ ವೈನಿನಲ್ಲಿ ಹುದುಗುವಿಕೆ ಮುಗಿದ ಮೇಲೆ ಆ ಮದ್ಯ ಸೇರಿಸುವುದರಿಂದ ಅದು ಹೆಚ್ಚಾಗಿ ಸಿಹಿಯಿಲ್ಲದ್ದು. ಲಿಕ್ಕರ್ ಮತ್ತು ಲಿಕ್ಯೂರ್ ಬೇರೆಬೇರೆ. ಮೊದಲನೆಯದು ಮದ್ಯಕ್ಕೆ ಇರುವ ಸಾಮಾನ್ಯ ಹೆಸರು. ಎರಡನೆಯದು ಸಕ್ಕರೆ ಮತ್ತು ಪರಿಮಳ ಸೇರಿಸಿದ ಮದ್ಯ, ಯುರೋಪಿನ ನಿಯಮದಂತೆ ಸಾಮಾನ್ಯವಾಗಿ ಲೀಟರಿಗೆ 100 ಗ್ರಾಂ ಸಕ್ಕರೆಯಾದರೂ ಇರಬೇಕು. ಸಿಹಿ ನಾಲಿಗೆಯನ್ನು ಮರುಳುಮಾಡುವುದರಿಂದ ಅದರಲ್ಲಿರುವ ಆಲ್ಕೋಹಾಲ್ ಗೊತ್ತೇ ಆಗುವುದಿಲ್ಲ.

ಬಾಟಲಿಯ ಮೇಲಿನ ಅಂಕಿ

ಬಾಟಲಿಯ ಮೇಲಿನ ಶೇಕಡಾ ಅಂಕಿ ಗಾತ್ರದ ಲೆಕ್ಕ: ಶೇ. 5 ಎಂದರೆ 100 ಮಿಲಿಲೀಟರಿನಲ್ಲಿ 5 ಮಿಲಿಲೀಟರ್ ಎಥನಾಲ್. ಒಂದು ಮಿಲಿಲೀಟರ್ ಎಥನಾಲ್ ತೂಗುವುದು 0.79 ಗ್ರಾಂ. ‘ಪ್ರೂಫ್’ ಎಂಬ ಹಳೆಯ ಅಳತೆ ಕಂಡರೆ ಅಮೆರಿಕದಲ್ಲಿ ಅದರ ಅರ್ಧವೇ ಶೇಕಡಾವಾರು, 100 ಪ್ರೂಫ್ ಎಂದರೆ ಶೇ. 50. ಬ್ರಿಟನ್ನಿನ ಹಳೆಯ ಲೆಕ್ಕದಲ್ಲಿ 100 ಪ್ರೂಫ್ ಶೇ. 57ಕ್ಕೆ ಸಮ.

ಈಗ ಲೆಕ್ಕ ಹಾಕಿ ನೋಡೋಣ. ಶೇ. 5ರ ಬಿಯರ್ 330 ಮಿಲಿಲೀಟರ್: 13 ಗ್ರಾಂ ಎಥನಾಲ್. ಶೇ. 12ರ ವೈನ್ 150 ಮಿಲಿಲೀಟರ್: 14 ಗ್ರಾಂ. ಶೇ. 40ರ ವಿಸ್ಕಿ 45 ಮಿಲಿಲೀಟರ್: ಅದೂ 14 ಗ್ರಾಂ. ‘ನಾನು ಬರೀ ಬಿಯರ್ ಕುಡಿಯುತ್ತೇನೆ’ ಎಂಬ ಸಮಾಧಾನದ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಶೇ. 8ರ ಗಡುಸು ಬಿಯರ್ ಅರ್ಧ ಲೀಟರ್ ಕುಡಿದರೆ 40 ಮಿಲಿಲೀಟರ್ ಎಥನಾಲ್ ಹೊಟ್ಟೆಗೆ ಹೋಯಿತು, 100 ಮಿಲಿಲೀಟರ್ ವಿಸ್ಕಿಯಲ್ಲಿ ಇರುವಷ್ಟೇ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಎಥನಾಲನ್ನಷ್ಟೇ ಕರಗಿಸಬಲ್ಲದು, ಅಂದರೆ ಆ ಅರ್ಧ ಲೀಟರಿಗೆ ಮೂರು ನಾಲ್ಕು ಗಂಟೆ ಬೇಕು. ತಣ್ಣೀರ ಸ್ನಾನವಾಗಲಿ ಕಾಫಿಯಾಗಲಿ ಆ ವೇಗವನ್ನು ಹೆಚ್ಚಿಸುವುದಿಲ್ಲ. ಈ ಕೆಲಸದ ನಡುವೆ ಹುಟ್ಟುವ ಅಸಿಟಾಲ್ಡಿಹೈಡ್ ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಸ್ಪಷ್ಟಪಡಿಸಿತು. ವೈನ್ ಹೃದಯಕ್ಕೆ ಒಳ್ಳೆಯದು ಎಂದು ಮನೆಯ ಹಿರಿಯರಿಗೆ ಬಾಟಲಿ ತಂದುಕೊಡುವವರು ಇದನ್ನು ಓದಿಕೊಳ್ಳಬೇಕೆಂದು ನನ್ನ ಕಳಕಳಿಯ ಕೋರಿಕೆ.

ಈಚೆಗೆ ‘ಆಲ್ಕೋಹಾಲ್ ರಹಿತ’ ಬಿಯರ್, ವೈನ್‌ಗಳೂ ಬಂದಿವೆ. ಹಲವು ದೇಶಗಳಲ್ಲಿ ಶೇ. 0.5ರವರೆಗೆ ಇದ್ದರೂ ಹಾಗೆ ಬರೆಯಲು ಅವಕಾಶವಿದೆ. ಪೂರ್ತಿ ಬಿಡಬೇಕೆಂದು ಪಣತೊಟ್ಟವರು ಆ ಸಣ್ಣ ಅಕ್ಷರಗಳನ್ನು ಓದಿ ನೋಡಬೇಕು. ಇವುಗಳಲ್ಲಿ ಹಲವನ್ನು ಮಾಡುವ ಬಗೆಯೂ ಭಟ್ಟಿಯೇ. ಹುದುಗಿದ ಬಿಯರನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಗಾಳಿಯನ್ನು ಎಳೆದು ತೆಗೆಯುತ್ತಾರೆ. ಒತ್ತಡ ಇಳಿದಂತೆ ಕುದಿಬಿಂದುವೂ ಇಳಿದು, 40 ಡಿಗ್ರಿಯ ಆಸುಪಾಸಿನಲ್ಲೇ ಎಥನಾಲ್ ಆವಿಯಾಗಿ ಹೊರಟುಹೋಗುತ್ತದೆ. ರುಚಿ ಬೆಂದುಹೋಗದಿರಲು ಈ ಏರ್ಪಾಟು. ಸಾರಾಯಿ ಮಾಡುವವರು ಆವಿಯನ್ನು ಹಿಡಿದಿಟ್ಟು ಹಂಡೆಯಲ್ಲಿ ಉಳಿದದ್ದನ್ನು ಚೆಲ್ಲುತ್ತಾರೆ. ಇಲ್ಲಿ ಆವಿಯನ್ನು ಬೇರೆ ಮಾಡಿ, ಹಂಡೆಯಲ್ಲಿ ಉಳಿದದ್ದನ್ನು ತಣಿಸಿ ಬಾಟಲಿಗೆ ತುಂಬುತ್ತಾರೆ.